ಟರ್ಬೊ ಇಲ್ಲದ ಎಂಜಿನ್: ಬಳ್ಳಾರಿ ಬಿಸಿಲಿಗೆ ಎಷ್ಟು ವರ್ಷ ಬಾಳುತ್ತೆ?

‘ಕಾರು ಮಾರಿಬಿಡೋಣ ಅಪ್ಪಾ, ಹದಿಮೂರು ವರ್ಷ ಆತು. ಟರ್ಬೊ ಇರೋದು ಹೊಸಾದು ತಗೊಳ್ಳೋಣ’ ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲೇ ಇಲ್ಲ. ‘ಯಾಕ, ಅದು ನಿನಗೇನ್ ಅಂತು?’ ಅಂದರು.

ನಮ್ಮದು 2012ರ ವ್ಯಾಗನ್ ಆರ್. 998 ಸಿಸಿ, ಮೂರು ಸಿಲಿಂಡರ್, ಪೆಟ್ರೋಲ್. ಬಳ್ಳಾರಿ ಮನೆಯಿಂದ ಸಿರುಗುಪ್ಪದ ಗದ್ದೆಗೆ, ಕುರುಗೋಡಿನ ಅಕ್ಕನ ಮನೆಗೆ ಓಡಿ ಓಡಿ 1.6 ಲಕ್ಷ ಕಿ.ಮೀ. ದಾಟಿದೆ. ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ. ಹಾಗಾದರೆ ಅಪ್ಪ ಹೇಳೋದು ಸರಿನಾ?

ಸರಳವೇ ಇದರ ಬಲ

ಟರ್ಬೊ ಇಲ್ಲದ ಎಂಜಿನ್ ಪಿಸ್ಟನ್ ಕೆಳಗಿಳಿದಾಗ ತಾನಾಗಿ ಒಳಬರುವಷ್ಟು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್‌ನಲ್ಲಿ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಗಾಳಿಯನ್ನು ಒತ್ತಿ ತುಂಬುತ್ತದೆ. ಅದಕ್ಕೆ ಶಕ್ತಿ ಜಾಸ್ತಿ. ಜೊತೆಗೆ ಬಿಸಿ, ಒತ್ತಡ, ಪೈಪು, ಕೂಲರ್ ಕೂಡ ಜಾಸ್ತಿ. ಆ ಚಕ್ರದ ಬೇರಿಂಗ್ ಬದುಕೋದು ಶುದ್ಧ ಆಯಿಲ್ ಮೇಲೆ.

ಫ್ರಾಂಕ್ಸ್ ಕಾರನ್ನೇ ನೋಡಿ. 1.2 ಲೀಟರ್ ಸಾದಾ ಎಂಜಿನ್ ಕೊಡೋದು ಸುಮಾರು 113 ಎನ್‌ಎಂ ಟಾರ್ಕ್. 1.0 ಲೀಟರ್ ಟರ್ಬೊ ಸುಮಾರು 148. ಚಿಕ್ಕ ಎಂಜಿನ್ ದೊಡ್ಡ ಹೊರೆ ಹೊರುತ್ತಿದೆ ಎಂದಾಯ್ತು. ಹಾಗಂತ ಟರ್ಬೊ ಕೆಟ್ಟದ್ದಲ್ಲ. ತುಂಬು ಕಾರಿನಲ್ಲಿ ಹೈವೇ ಓವರ್‌ಟೇಕ್‌ಗೆ ಅದರ ಸುಖವೇ ಬೇರೆ. ಆದರೆ ಆಯಿಲ್ ಚೇಂಜ್ ಆರು ತಿಂಗಳು ತಡವಾದರೆ ಸಾದಾ ಎಂಜಿನ್ ಗೊಣಗಿ ಸುಮ್ಮನಾಗಬಹುದು, ಟರ್ಬೊ ಬಿಲ್ ಕಳಿಸುವ ಸಾಧ್ಯತೆ ಹೆಚ್ಚು.

ನಮ್ಮ ಕಾರಿನಲ್ಲಿ ಇನ್ನೊಂದು ಅನುಕೂಲ ಇದೆ. ಹಳೆಯ ಮಾರುತಿ 800ರಲ್ಲಿದ್ದ ಟೈಮಿಂಗ್ ಬೆಲ್ಟ್ ಬದಲು ಇದರಲ್ಲಿ ಚೈನ್ ಇದೆ. ಆಯಿಲ್ ಚೆನ್ನಾಗಿದ್ದರೆ ಅದಕ್ಕೆ ಬೆಲ್ಟ್‌ನಂತೆ ಇಂತಿಷ್ಟು ಕಿಲೋಮೀಟರಿಗೆ ಬದಲಿಸುವ ಲೆಕ್ಕ ಇಲ್ಲ.

ನಮ್ಮ ಕಡೆ ಎಂಜಿನ್ ಕೊಲ್ಲೋದು ಯಾರು?

ಬಿಸಿಲು, ಧೂಳು, ನೀರು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಅದಿರು ಲಾರಿಗಳ ಕೆಂಪು ಧೂಳು ಒಂದು ಕಡೆ, ಸಿರುಗುಪ್ಪದಲ್ಲಿ ಭತ್ತದ ಕೊಯ್ಲಿನ ಹೊಟ್ಟು ಇನ್ನೊಂದು ಕಡೆ. ಮೂರನೆಯದು ಬೋರ್‌ವೆಲ್ ನೀರು. ನಾವು ಮುಗ್ಗರಿಸಿದ್ದು ಅಲ್ಲೇ.

ಕೂಲೆಂಟ್ ಕಮ್ಮಿಯಾದಾಗೆಲ್ಲ ಅಪ್ಪ ಹೊಲದ ಬೋರಿನ ನೀರನ್ನೇ ಹಾಕ್ತಿದ್ರು. ‘ಯಾಕೆ ಕಮ್ಮಿಯಾಗ್ತಿದೆ?’ ಅಂತ ನಾನೂ ಕೇಳಲಿಲ್ಲ. ಹೋದ ವರ್ಷ ಮೇನಲ್ಲಿ, ಸಿರುಗುಪ್ಪದಿಂದ ವಾಪಸ್ ಬರುವಾಗ ಮೀಟರಿನಲ್ಲಿ ಕೆಂಪು ದೀಪ ಹೊತ್ತಿತು. ಅಪ್ಪ ತಕ್ಷಣ ಬದಿಗೆ ನಿಲ್ಲಿಸಿ ಆಫ್ ಮಾಡಿದರು. ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳ ಮುಟ್ಟದೆ, ಬೇವಿನ ಮರದ ಕೆಳಗೆ ಒಂದು ತಾಸು ಕೂತರು. ಆ ಒಂದು ತಾಸೇ ಎಂಜಿನ್ ಉಳಿಸಿದ್ದು.

‘ಹೆಂಗೂ ಮನೆ ಮುಟ್ಟತೈತಿ ಅಂತ ಇನ್ನೈದು ಕಿಲೋಮೀಟ್ರು ಓಡಿಸಿದ್ರ ಹೆಡ್ ಬೆಂಡಾಗ್ತಿತ್ತು’ ಅಂದರು ಕೌಲ್‌ಬಜಾರಿನ ಮೆಕ್ಯಾನಿಕ್ ಚಾಚಾ. ಸೀಳಿದ ಹೋಸ್ ಪೈಪು, ಒಳಗೆ ಬೆಳ್ಳಗೆ ಕಟ್ಟಿದ್ದ ಸುಣ್ಣದ ಪದರ ತೋರಿಸಿದರು. ‘ಕಿಲೋಮೀಟರಿಗೆ ಇಂಜಿನ್ ಸಾಯಂಗಿಲ್ಲಪಾ, ಬಿಸಿಗೆ ಸಾಯತೈತಿ.’ ಹೋಸ್, ಥರ್ಮೋಸ್ಟಾಟ್, ಹೊಸ ಕೂಲೆಂಟ್ ಹಾಕಿದ ಮೇಲೆ ಇವತ್ತಿನವರೆಗೂ ತೊಂದರೆ ಇಲ್ಲ.

ನಿಮ್ಮ ಮನೆಯಲ್ಲೂ ಹಳೇ ಪೆಟ್ರೋಲ್ ಕಾರಿದ್ದರೆ

• ಎಂಜಿನ್ ಆಯಿಲ್: 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಕಾರು ಓಡದಿದ್ದರೂ ವರ್ಷಕ್ಕೊಮ್ಮೆ ಬೇಕೇ ಬೇಕು.
• ಏರ್ ಫಿಲ್ಟರ್: ಧೂಳಿನ ದಾರಿಯಲ್ಲಿ ಸರ್ವಿಸ್‌ಗೆ ಕಾಯಬೇಡಿ. ಕೊಯ್ಲು ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ.
• ಕೂಲೆಂಟ್: ಬೋರ್ ನೀರು ಬೇಡ. ಪದೇ ಪದೇ ಕಮ್ಮಿಯಾದರೆ ತುಂಬಿಸೋದಲ್ಲ, ಸೋರಿಕೆ ಹುಡುಕಿ.
• ಪೆಟ್ರೋಲ್ ಪೈಪು: ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಹಳೇ ಕಾರಿನ ರಬ್ಬರ್ ಪೈಪುಗಳಲ್ಲಿ ಬಿರುಕು, ಪೆಟ್ರೋಲ್ ವಾಸನೆ ಇದೆಯಾ ಎಂದು ಸರ್ವಿಸ್‌ನಲ್ಲಿ ನೋಡಿಸಿ.
• ಆರ್‌ಸಿ: ಖಾಸಗಿ ಕಾರಿಗೆ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು.

ಆದರೂ ಒಂದು ಮಾತು

ಎಂಜಿನ್ ವಿಷಯದಲ್ಲಿ ಅಪ್ಪನೇ ಗೆದ್ದರು. ಆದರೆ ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇವೆರಡೂ ಎಲ್ಲ ಕಾರಿಗೂ ಕಡ್ಡಾಯವಾಗಿದ್ದು 2019ರಲ್ಲಿ, ಅದೂ ಏರ್‌ಬ್ಯಾಗ್ ಚಾಲಕನಿಗೆ ಮಾತ್ರ. ಕೊಯ್ಲಿನ ಕಾಲದಲ್ಲಿ ರಾತ್ರಿ ಸಿರುಗುಪ್ಪ ರಸ್ತೆಯಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ನಿಂತಿರುತ್ತವೆ. ಅಪ್ಪನಿಗೆ ಈಗ 62. ಎಂಜಿನ್ ಎಷ್ಟೇ ಗಟ್ಟಿಯಿದ್ದರೂ ಆ ಹೊತ್ತಿಗೆ ಅದು ಕಾಯೋದಿಲ್ಲ.

ಇದನ್ನು ಹೇಳಿದಾಗ ಅಪ್ಪ ಪೇಪರ್ ಕೆಳಗಿಟ್ಟರು. ಕೊನೆಗೆ ಒಪ್ಪಂದ ಆಯ್ತು. ಹಳೇ ಕಾರು ಹಗಲಲ್ಲಿ ಊರೊಳಗಿನ ಓಡಾಟಕ್ಕೆ. ಸಿರುಗುಪ್ಪ, ಕುರುಗೋಡಿಗೆ ಆರು ಏರ್‌ಬ್ಯಾಗಿನ ಹೊಸದು.

‘ಆದ್ರ ಟರ್ಬೊ ಬ್ಯಾಡ’ ಅಂದರು ಅಪ್ಪ. ಈ ಸಲ ನಾನೂ ವಾದ ಮಾಡಲಿಲ್ಲ.