ಸತ್ತ ಮೇಲೂ ಕಾಡುವ ಬ್ಯಾಕ್ಟೀರಿಯಾ

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸ್ಥಿತಿ ಒಬ್ಬರ ಹಿಂದೊಬ್ಬರಂತೆ ಬಿಗಡಾಯಿಸಿತು. ಮೂತ್ರಪಿಂಡಗಳು ಸೋತವು, ಐವರು ತೀರಿಕೊಂಡರು. ಶಂಕೆ ಬಿದ್ದದ್ದು ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಹೊಣೆ ಯಾರದೆಂದು ಹೇಳುವುದು ತನಿಖೆಯ ಕೆಲಸ. ಆದರೆ ಬಳ್ಳಾರಿಯ ಗಾಂಧಿನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಲ್ಲಾಗಲಿ ನಾಳೆ ಡ್ರಿಪ್ ಹಾಕಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಇದೊಂದನ್ನು ತಿಳಿದಿರಲೇಬೇಕು: ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಬೇರೆ, ಅದನ್ನು ತೆಗೆದುಹಾಕುವುದು ಬೇರೆ.

ಕೊಲ್ಲುವ ಯಂತ್ರ ಆಟೊಕ್ಲೇವ್. 1879ರಲ್ಲಿ ಪಾಶ್ಚರ್ ಅವರ ಸಹಾಯಕ ಚಾರ್ಲ್ಸ್ ಶಾಂಬರ್ಲಾಂಡ್ ಇದನ್ನು ರೂಪಿಸಿದರು. ತೆರೆದ ಪಾತ್ರೆಯ ನೀರು 100 ಡಿಗ್ರಿಯ ಮೇಲೆ ಬಿಸಿಯಾಗದು. ಬಳ್ಳಾರಿ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಅದಕ್ಕೂ ಸ್ವಲ್ಪ ಮೊದಲೇ ಕುದಿಯುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಆ ಕುದಿತವನ್ನು ತಾಳಿಕೊಳ್ಳಬಲ್ಲವು. ಪ್ರೆಷರ್ ಕುಕ್ಕರ್‌ನಂತೆ ಹಬೆಯನ್ನು ಕಟ್ಟಿಹಾಕಿ ಒತ್ತಡವನ್ನು 15 ಪಿಎಸ್‌ಐಗೆ ಏರಿಸಿದರೆ ಶಾಖ 121 ಡಿಗ್ರಿ ಮುಟ್ಟುತ್ತದೆ. 15 ನಿಮಿಷದಲ್ಲಿ ಬೀಜಾಣುಗಳೂ ಸಾಯುತ್ತವೆ. ಹಬೆ ತಣ್ಣನೆಯ ಕತ್ತರಿಗೆ ತಾಕಿ ನೀರಾಗುವಾಗ, ಬಚ್ಚಿಟ್ಟುಕೊಂಡಿದ್ದ ಶಾಖವನ್ನೆಲ್ಲ ಅದಕ್ಕೆ ಸುರಿಯುತ್ತದೆ. ಕೊಲ್ಲುವುದು ಈ ಸುರಿತವೇ. ಒಳಗೆ ಗಾಳಿ ಉಳಿದರೆ ಅಲ್ಲಿಗೆ ಹಬೆ ತಲುಪುವುದಿಲ್ಲ. ಉಪಕರಣಗಳನ್ನಿಡುವ ಡ್ರಮ್ಮನ್ನು ತುರುಕಿ ತುಂಬಬಾರದೆಂದು ಸಿಸ್ಟರ್ ಗದರುವುದು ಇದಕ್ಕೇ.

ಕೊಂದದ್ದಾಯಿತು. ಹೆಣ ಎಲ್ಲಿ ಹೋಯಿತು?

ಇ. ಕೊಲೈ, ಸ್ಯೂಡೋಮೊನಾಸ್‌ನಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಬೆಸೆದ ಅಣುಗಳಿರುತ್ತವೆ. ಇವೇ ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಇವು ಹೊರಬಿದ್ದು ನೀರಿನಲ್ಲಿ ಉಳಿಯುತ್ತವೆ. 121 ಡಿಗ್ರಿ ಇವಕ್ಕೆ ಲೆಕ್ಕಕ್ಕಿಲ್ಲ. ನಾಶವಾಗಲು 250 ಡಿಗ್ರಿಯ ಒಣಶಾಖ ಅರ್ಧ ಗಂಟೆ ಬೇಕು. ಗಾಜು ಅದನ್ನು ತಡೆದೀತು, ಡ್ರಿಪ್ಪಿನ ಪ್ಲಾಸ್ಟಿಕ್ ಬಾಟಲಿ ಕರಗಿಹೋಗುತ್ತದೆ. ಎಂಡೋಟಾಕ್ಸಿನ್ ನೇರ ರಕ್ತಕ್ಕಿಳಿದರೆ ನಮ್ಮ ರೋಗನಿರೋಧಕ ಕಣಗಳು ಬ್ಯಾಕ್ಟೀರಿಯಾಗಳೇ ದಂಡೆತ್ತಿ ಬಂದವೆಂದು ತಿಳಿಯುತ್ತವೆ. ಚಳಿ, ನಡುಕ, ಜ್ವರ. ಪ್ರಮಾಣ ಹೆಚ್ಚಿದ್ದರೆ ರಕ್ತದೊತ್ತಡ ಕುಸಿದು ಅಂಗಾಂಗಗಳು ಕೈಬಿಡುತ್ತವೆ.

1923ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಇದರ ಮೂಲ ಹಿಡಿದರು. ಇಂಜೆಕ್ಷನ್ ಕೊಟ್ಟಾಗ ಬರುತ್ತಿದ್ದ ಜ್ವರಕ್ಕೆ ಕಾರಣ ಔಷಧಿಯಲ್ಲ, ಭಟ್ಟಿ ಇಳಿಸಿದ ನೀರು. ಹಬೆಯ ಜೊತೆ ಹಾರಿಬಂದ ಹನಿಗಳಲ್ಲಿ ಬ್ಯಾಕ್ಟೀರಿಯಾದ ಕಶ್ಮಲವೂ ದಾಟಿಬರುತ್ತಿತ್ತು. ಆ ಹನಿಗಳನ್ನು ತಡೆಯುವ ಭಟ್ಟಿಯನ್ನು ಅವರೇ ರೂಪಿಸಿದರು. ಈಗ ಔಷಧ ಕಾರ್ಖಾನೆಗಳು ಎಂಡೋಟಾಕ್ಸಿನ್ ಪತ್ತೆಗೆ ಹಾರ್ಸ್‌ಶೂ ಏಡಿಯ ನೀಲಿ ರಕ್ತದ ಸಾರವನ್ನು ಬಳಸುತ್ತವೆ. ಲೇಶಮಾತ್ರ ಎಂಡೋಟಾಕ್ಸಿನ್ ಇದ್ದರೂ ಅದು ಹೆಪ್ಪುಗಟ್ಟುತ್ತದೆ. ಆ ಬಗೆಯ ಏಡಿಗಳು ನಮ್ಮ ಒಡಿಶಾ ಕರಾವಳಿಯಲ್ಲೂ ಇವೆ.

ವಾರ್ಡಿನಲ್ಲಿ ಆ ಪರೀಕ್ಷೆ ಮಾಡಲಾಗದು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಬೂಸ್ಟು, ಕಸ, ಬಿರುಕು ಕಂಡೀತೇ ಹೊರತು ಎಂಡೋಟಾಕ್ಸಿನ್ ಕಾಣುವುದಿಲ್ಲ. ಹಾಗೆಂದು ನರ್ಸ್ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಉಪಕರಣಗಳನ್ನು ಆಟೊಕ್ಲೇವ್‌ಗೆ ಹಾಕುವ ಮುನ್ನ ರಕ್ತ ಒಣಗಲು ಬಿಡದೆ ಉಜ್ಜಿ ತೊಳೆಯುವುದು, ಕೊನೆಯ ಸಲ ಶುದ್ಧ ನೀರಿನಲ್ಲೇ ಜಾಲಿಸುವುದು ಬರೀ ಶಿಸ್ತಿನ ಮಾತಲ್ಲ. ಹೆಣ ಹೊರಗೆ ಹೋಗುವುದು ಈ ತೊಳೆತದಲ್ಲಿ ಮಾತ್ರ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮಾರನೇ ದಿನ, ಸೋಂಕೇ ಇಲ್ಲದೆ ಕಣ್ಣು ಉರಿಯೂತಗೊಂಡ ಪ್ರಕರಣಗಳಲ್ಲಿ ಆಟೊಕ್ಲೇವ್‌ನ ಹಳೆಯ ನೀರೇ ಕಾರಣವೆಂದು ಕಂಡುಬಂದದ್ದುಂಟು. ಆಟೊಕ್ಲೇವ್‌ಗೆ ಹಾಕುವ ಮುನ್ನ ಅಂಟಿಸಿದ ಟೇಪಿನ ಮೇಲೆ ಕಪ್ಪು ಗೆರೆ ಮೂಡಿದರೆ ಶಾಖ ತಾಕಿದೆ ಎಂದಷ್ಟೇ ಅರ್ಥ, ಹೆಣ ಹೊರಹೋಗಿದೆ ಎಂದಲ್ಲ.

ಇನ್ನು ಡ್ರಿಪ್ ಹರಿಯುತ್ತಿರುವಾಗ ರೋಗಿ ಇದ್ದಕ್ಕಿದ್ದಂತೆ ನಡುಗತೊಡಗಿದರೆ ಕಂಬಳಿ ಹೊದಿಸಿ ಸುಮ್ಮನಾಗಬಾರದು. ಡ್ರಿಪ್ಪನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಬಾಟಲಿ ಮತ್ತು ಸೆಟ್ಟನ್ನು ಕಸದ ಬುಟ್ಟಿಗೆ ಹಾಕದೆ ತೆಗೆದಿಟ್ಟು, ಬ್ಯಾಚ್ ಸಂಖ್ಯೆಯನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಆ ಸಂಖ್ಯೆಯೊಂದು ಕೈಯಲ್ಲಿದ್ದರೆ, ಪಕ್ಕದ ವಾರ್ಡಿನಲ್ಲಿ ಅದೇ ಬ್ಯಾಚಿನ ಬಾಟಲಿ ಇನ್ನೊಬ್ಬ ಬಾಣಂತಿಗೆ ಏರುವ ಮೊದಲೇ ತಡೆಯಬಹುದು.