ಇಪ್ಪತ್ತು ಗಜದೊಳಗಿನ ಬೇಟೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವವರಿಗೆ ಸಿಗುವುದು ಮುಖ್ಯವಾಗಿ ನವೆಂಬರ್ ಕೊನೆಯ ಹೊತ್ತಿನ 9 ದಿನ. ಬಿಲ್ಲು ಹಿಡಿದು ಹೋಗುವವರಿಗೆ ಸೆಪ್ಟೆಂಬರ್ ನಡುವಿನಿಂದ ಜನವರಿಯವರೆಗೂ ಅವಕಾಶವಿದೆ. ಸರ್ಕಾರ ಬಿಲ್ಲಿನವರ ವಿಷಯದಲ್ಲಿ ಇಷ್ಟು ಧಾರಾಳವಾಗಿರುವುದಕ್ಕೆ ಕಾರಣವಿದೆ. ಕೋವಿಯವರು 100 ಗಜ ದೂರದಿಂದ ಗುರಿಯಿಟ್ಟರೂ ಕೆಲಸವಾಗುತ್ತದೆ. ಹಳೆಯ ಬಗೆಯ ಮರದ ಬಿಲ್ಲಿನವನಿಗೆ ಜಿಂಕೆ 20 ಗಜದೊಳಗೆ ಬರಬೇಕು. ಅಷ್ಟು ಹತ್ತಿರಕ್ಕೆ ಬಂದ ಜಿಂಕೆಗೆ ಮನುಷ್ಯನ ವಾಸನೆ, ಸದ್ದು, ಕದಲಿಕೆ ಯಾವುದೂ ತಿಳಿಯದೆ ಹೋಗುವುದು ಬಲು ಅಪರೂಪ. ಋತುವೆಲ್ಲ ಕಾದು ಒಂದು ಬಾಣವನ್ನೂ ಬಿಡದೆ ಮನೆಗೆ ಹೋಗುವವರು ಬಹಳ ಮಂದಿ.

ಇವರಲ್ಲಿ ಹೆಚ್ಚಿನವರು ಮರದ ಮೇಲೆ 15-20 ಅಡಿ ಎತ್ತರದಲ್ಲಿ ಅಟ್ಟಣೆ ಕಟ್ಟಿ ಕೂರುತ್ತಾರೆ. ಜಿಂಕೆ ತಲೆಯೆತ್ತಿ ನೋಡುವುದು ಕಡಿಮೆ, ವಾಸನೆಯೂ ಅದರ ತಲೆಯ ಮೇಲಿಂದ ಹಾದುಹೋಗುತ್ತದೆ ಎಂಬ ಲೆಕ್ಕ. ಇನ್ನು ಕೆಲವರು ಅಂಗಡಿಯಲ್ಲಿ ಸಿಗುವ ಬಟ್ಟೆಯ ಗೂಡಾರವನ್ನು ನೆಲದ ಮೇಲೆ ಬಿಡಿಸಿಕೊಂಡು ಒಳಗೆ ಕೂರುತ್ತಾರೆ. ಮೂರನೆಯ ಬಗೆಯವರು ಇವೆರಡನ್ನೂ ಬಿಟ್ಟು, ಬಿದ್ದ ಮರ, ಒಣಕೊಂಬೆ, ಪೊದೆ, ಹೀಗೆ ಕಾಡಿನಲ್ಲಿ ಇರುವುದನ್ನೇ ಮರೆ ಮಾಡಿಕೊಂಡು ನೆಲದ ಮೇಲೆ ಕೂರುತ್ತಾರೆ. ನಮ್ಮ ಮಲೆನಾಡಿನ ಹಳಬರು ಮರಸು ಕೂರುವುದು ಎನ್ನುತ್ತಿದ್ದರಲ್ಲ, ಅಂಥದೇ ಹೊಂಚು. ಮೂರರಲ್ಲಿ ಇದೇ ಕಷ್ಟದ್ದು, ಕಲಿಸುವುದೂ ಇದೇ ಹೆಚ್ಚು ಎಂದು ನನಗನ್ನಿಸುತ್ತದೆ.

ಒಳ್ಳೆಯ ಮರೆ ಋತು ಶುರುವಾಗುವುದಕ್ಕೆ ವಾರಗಳ ಮೊದಲೇ ಸಿದ್ಧವಾಗಿರುತ್ತದೆ. ನಿನ್ನೆ ಇಲ್ಲದ ಕೊಂಬೆರಾಶಿ ಇವತ್ತು ದಾರಿಬದಿಯಲ್ಲಿ ಎದ್ದು ನಿಂತಿದ್ದರೆ ಜಿಂಕೆ ಅದನ್ನು ಸುಮ್ಮನೆ ದಾಟಿ ಹೋಗುವುದಿಲ್ಲ. ಮೊದಲು ನೋಡಬೇಕಾದದ್ದು ಜಿಂಕೆ ಎಲ್ಲಿ ಮಲಗುತ್ತದೆ, ಎಲ್ಲಿ ಮೇಯುತ್ತದೆ, ಎರಡರ ನಡುವೆ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು. ಶರತ್ಕಾಲದಲ್ಲಿ ಬಿಳಿ ಓಕ್ ಮರಗಳು ಕಾಯಿ ಉದುರಿಸತೊಡಗಿದರೆ ಜಿಂಕೆಗಳು ಬೇರೆ ಮೇವನ್ನು ಬಿಟ್ಟು ಅಲ್ಲಿಗೆ ಬರುತ್ತವೆ. ಕೆಂಪು ಓಕ್ ಕಾಯಿಯಲ್ಲಿ ಒಗರು ಹೆಚ್ಚು, ಬಿಳಿಯದರಲ್ಲಿ ಕಡಿಮೆ. ಆಮೇಲೆ ಗಾಳಿಯನ್ನು ನೋಡಬೇಕು. ಗಾಳಿ ಜಿಂಕೆಯ ಕಡೆಯಿಂದ ಬೇಟೆಗಾರನ ಕಡೆಗೆ ಬೀಸುತ್ತಿರಬೇಕು. ಗುಡ್ಡದ ಇಳಿಜಾರಿನಲ್ಲಿ ಇದು ಇನ್ನಷ್ಟು ಸೂಕ್ಷ್ಮ: ಬೆಳಿಗ್ಗೆ ಬಿಸಿಲೇರಿದಂತೆ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಇಳಿಯುತ್ತದೆ. ಬೆಳಗಿನ ಮರೆ ಸಂಜೆಗೆ ಆಗಿಬರುವುದಿಲ್ಲ. ಅನುಭವಸ್ಥರು ಎರಡು ಮೂರು ಕಡೆ ಮರೆ ಮಾಡಿಟ್ಟು, ಆ ದಿನದ ಗಾಳಿ ನೋಡಿ ಎಲ್ಲಿ ಕೂರಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ.

ಹೊಸಬರು ಎದುರುಗಡೆ ಕೊಂಬೆಗಳನ್ನು ಗೋಡೆಯಂತೆ ಪೇರಿಸಿ ಅದರ ಮೇಲಿಂದ ಇಣುಕುತ್ತಾರೆ. ಹಾಗೆ ಇಣುಕಿದ ತಲೆ ಹಿಂದಿನ ಬೆಳಕಿಗೆ ಕಪ್ಪಗೆ ಕಾಣುತ್ತದೆ. ಮುಖ್ಯವಾದದ್ದು ಬೆನ್ನಹಿಂದಿನ ಮರೆ. ಬಿರುಗಾಳಿಗೆ ಬುಡಸಮೇತ ಉರುಳಿದ ಮರದ ಬೇರುಗಡ್ಡೆ, ಮಣ್ಣು ಕಚ್ಚಿಕೊಂಡು ಆಳೆತ್ತರಕ್ಕೆ ಎದ್ದು ನಿಂತಿರುತ್ತದೆ. ಅದಕ್ಕೆ ಬೆನ್ನು ಕೊಟ್ಟು ನೆರಳಿನಲ್ಲಿ ಕುಳಿತರೆ ಮನುಷ್ಯನ ಆಕಾರವೇ ಒಡೆದುಹೋಗುತ್ತದೆ. ಎದುರಿಗೆ ಕುಳಿತವನ ಎದೆಮಟ್ಟಕ್ಕೆ ನಾಲ್ಕಾರು ಒಣಕೊಂಬೆಗಳನ್ನು ಅಡ್ಡಾದಿಡ್ಡಿ ಚುಚ್ಚಿದರೆ ಸಾಕು. ಸರ್ಕಾರಿ ಜಮೀನಿನಲ್ಲಿ ಹಸಿಮರ ಕಡಿಯುವಂತಿಲ್ಲ, ಬಿದ್ದ ಒಣಕಟ್ಟಿಗೆಯನ್ನೇ ಬಳಸಬೇಕು. ಕೂರುವ ಜಾಗದಲ್ಲಿ ತರಗೆಲೆಯನ್ನೆಲ್ಲ ಬಳಿದು ಹಸಿಮಣ್ಣು ಕಾಣುವಂತೆ ಮಾಡುತ್ತಾರೆ. ಬೂಟಿನ ಕೆಳಗೆ ಒಂದು ಒಣಎಲೆ ಸಿಕ್ಕಿ ಚರಕ್ಕೆಂದರೆ ಮೂರು ಗಂಟೆಯ ಕಾಯುವಿಕೆ ಅಲ್ಲಿಗೆ ಮುಗಿಯಿತು. ಕೂರಲು ಮೊಣಕಾಲೆತ್ತರದ ಪುಟ್ಟ ಸ್ಟೂಲು. ಬಿಲ್ಲಿನ ಕೆಳತುದಿ ನೆಲಕ್ಕೋ ಮೊಣಕಾಲಿಗೋ ತಾಗದಂತೆ ಅದನ್ನು ಸ್ವಲ್ಪ ಓರೆಯಾಗಿ ಹಿಡಿಯಬೇಕು.

ಇಷ್ಟೆಲ್ಲ ಏರ್ಪಾಡು ಒಂದೇ ಒಂದು ಚಲನೆಯನ್ನು ಮುಚ್ಚಲಿಕ್ಕಾಗಿ, ಹೆದೆ ಎಳೆಯುವ ಚಲನೆಯನ್ನು. ಅಲುಗಾಡದೆ ಕುಳಿತ ಮನುಷ್ಯನನ್ನು ಜಿಂಕೆ ಎಷ್ಟೋ ಸಲ ಮರದ ಮೋಟೆಂದೇ ತಿಳಿಯುತ್ತದೆ. ಕೋವಿಯವನು ಕುದುರೆಯ (ಟ್ರಿಗರಿನ) ಮೇಲೆ ಬೆರಳಿಟ್ಟು ಹಾಗೇ ಇರಬಹುದು. ಬಿಲ್ಲಿನವನಾದರೆ ಜಿಂಕೆ ಹತ್ತಿರ ಬಂದಮೇಲೆ ಕೈಯೆತ್ತಬೇಕು, ಮೊಣಕೈ ಹಿಂದಕ್ಕೆಳೆಯಬೇಕು, 40-50 ಪೌಂಡಿನ ಸೆಳೆತವನ್ನು ಬೆನ್ನಿನ ಸ್ನಾಯುಗಳಿಂದ ತಡೆದು ಹಿಡಿಯಬೇಕು. ಬಿಳಿಬಾಲದ ಜಿಂಕೆಗೆ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನ ಸುಮಾರು 300 ಡಿಗ್ರಿಯಷ್ಟು ಕಾಣುತ್ತದೆ. ಕೆಂಪು, ಕಿತ್ತಳೆ ಬಣ್ಣಗಳನ್ನು ಅದು ನಮ್ಮಂತೆ ಗುರುತಿಸಲಾರದು. ಕೋವಿ ಋತುವಿನಲ್ಲಿ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ತೊಡುವ ಕಣ್ಣುಕುಕ್ಕುವ ಕಿತ್ತಳೆ ಅಂಗಿಯಿಂದ ಬೇಟೆಗೆ ಅದಕ್ಕೇ ದೊಡ್ಡ ತೊಂದರೆಯಾಗುವುದಿಲ್ಲ. ಕದಲಿದ್ದನ್ನು ಮಾತ್ರ ಜಿಂಕೆ ಬಿಡುವುದಿಲ್ಲ.

ಹಾಗಾಗಿ ಹೆದೆ ಎಳೆಯುವ ಗಳಿಗೆ ಯಾವುದೆಂಬುದೇ ಈ ವಿದ್ಯೆಯ ತಿರುಳು. ಜಿಂಕೆಯ ತಲೆ ದಪ್ಪ ಮರದ ಕಾಂಡದ ಹಿಂದೆ ಮರೆಯಾದಾಗ, ಅಥವಾ ಅದು ಅತ್ತ ತಿರುಗಿ ಕಾಯಿ ಹೆಕ್ಕುವಾಗ ಎಳೆಯಬೇಕು. ಅನುಮಾನ ಬಂದ ಹೆಣ್ಣು ಜಿಂಕೆ ಮುಂಗಾಲನ್ನು ನೆಲಕ್ಕೆ ಕುಟ್ಟುತ್ತದೆ. ಮೇಯಲು ಹೊರಟಂತೆ ತಲೆ ತಗ್ಗಿಸಿ, ತಕ್ಷಣ ಚಂಗನೆ ಮೇಲೆತ್ತಿ ಮರೆಯ ಕಡೆಗೇ ದಿಟ್ಟಿಸುತ್ತದೆ. ತಲೆ ತಗ್ಗಿತೆಂದು ಆತುರಪಟ್ಟವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಆಗ ಅದು ಮೂಗಿನಿಂದ ಬುಸ್ಸೆಂದು ಊದಿ ಬಿಳಿಬಾಲ ಎತ್ತಿಕೊಂಡು ಓಡುತ್ತದೆ, ಸುತ್ತಲಿನ ಜಿಂಕೆಗಳೆಲ್ಲ ಅದರ ಹಿಂದೆಯೇ. ಕಾಯಬಲ್ಲವನು ಎರಡನೆಯ ಸಲ, ಮೂರನೆಯ ಸಲ ತಲೆ ತಗ್ಗುವವರೆಗೂ ಕಾಯುತ್ತಾನೆ. ಬಾಲ ಸಡಿಲಾಗಿ ಆಡತೊಡಗಿದರೆ ಅದರ ಅನುಮಾನ ಹೋಗಿದೆ ಎಂದರ್ಥ.

ಈ ವಿದ್ಯೆಯನ್ನು ಇಂದಿನ ಅಮೆರಿಕನ್ನರಿಗೆ ದಾಟಿಸಿದವನು ಇಶಿ. ಕ್ಯಾಲಿಫೋರ್ನಿಯಾದಲ್ಲಿ ವಲಸಿಗರ ಕೊಲೆಗಡುಕತನಕ್ಕೂ ಹಸಿವಿಗೂ ನಾಶವಾದ ಯಾಹಿ ಜನರಲ್ಲಿ ಕೊನೆಗೆ ಉಳಿದವನು. 1911ರ ಆಗಸ್ಟಿನಲ್ಲಿ ಒರೊವಿಲ್ ಊರಿನ ಕಸಾಯಿಖಾನೆಯ ಬಳಿ ಒಬ್ಬಂಟಿಯಾಗಿ ಸಿಕ್ಕಿದ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಪಕ್ಕದ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಮಾಡುವುದನ್ನೂ ಹೊಂಚಿ ಕೂರುವುದನ್ನೂ ಕಲಿತ. ಇಶಿ ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ. ನಸುಕಿನಲ್ಲಿ ಹೊಳೆಯಲ್ಲಿ ಮಿಂದು ಮೈಗೆ ಪರಿಮಳದ ಸೊಪ್ಪು ಉಜ್ಜಿಕೊಂಡು ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದ. ಬಟ್ಟೆ ಪೊದೆಗೆ ತಾಗಿ ಸದ್ದು ಮಾಡುತ್ತದೆಂದು ತುಂಡುಬಟ್ಟೆಯಲ್ಲೇ ಹೋಗುತ್ತಿದ್ದ. ಪೊದೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಾಣ ಬಿಡುತ್ತಿದ್ದ. 1914ರಲ್ಲಿ ಪೋಪ್ ಮತ್ತು ಇಬ್ಬರು ಮಾನವಶಾಸ್ತ್ರಜ್ಞರು ಅವನೊಂದಿಗೆ ಅವನ ಹಳೆಯ ನೆಲವಾದ ಡಿಯರ್ ಕ್ರೀಕ್ ಕಣಿವೆಗೆ ಹೋಗಿ ಇದನ್ನೆಲ್ಲ ಕಣ್ಣಾರೆ ಕಂಡರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲು ಬೇಟೆಯ ಬಗ್ಗೆ ಬರೆದ ಪುಸ್ತಕದಿಂದ ಈ ಹವ್ಯಾಸ ಅಮೆರಿಕದಲ್ಲಿ ಮತ್ತೆ ಬೇರೂರಿತು. 1961ರಲ್ಲಿ ಹುಟ್ಟಿದ ಬಿಲ್ಲುಬೇಟೆಗಾರರ ಸಂಘ ಪೋಪ್ ಮತ್ತು ಅವನ ಜೊತೆಗಾರ ಆರ್ಟ್ ಯಂಗ್ ಹೆಸರು ಇಟ್ಟುಕೊಂಡಿತು. ಕಲಿಸಿದ ಇಶಿಯ ಹೆಸರು ಅದರಲ್ಲಿಲ್ಲ. ಇರಬೇಕಿತ್ತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಬಾಣ ಬಿಟ್ಟಮೇಲಿನ ಕೆಲಸ ಇನ್ನೂ ಗಂಭೀರವಾದದ್ದು. ಮರದ ಬಿಲ್ಲಿನಿಂದ ಹೊರಟ ಬಾಣ 20 ಗಜ ಕ್ರಮಿಸಲು ಸೆಕೆಂಡಿನ ಮೂರರಲ್ಲೊಂದು ಭಾಗ ಬೇಕು. ಹೆದೆಯ ಸದ್ದು ಅದಕ್ಕಿಂತ ಬಹಳ ಮೊದಲೇ ಜಿಂಕೆಯ ಕಿವಿ ಮುಟ್ಟುತ್ತದೆ. ಬೆದರಿದ ಜಿಂಕೆ ಓಡಲೆಂದು ಕಾಲು ಮಡಿಸಿ ಮೈ ತಗ್ಗಿಸಿತೆಂದರೆ ಬಾಣ ಮೇಲಿಂದ ಹೋದೀತು, ಇಲ್ಲವೇ ತಾಗಬಾರದ ಕಡೆ ತಾಗೀತು. ಆದ್ದರಿಂದ ಗಾಬರಿಗೊಂಡ ಜಿಂಕೆಗೆ ಬಾಣ ಬಿಡಬಾರದು, ಎದುರುಮುಖವಾಗಿ ನಿಂತದ್ದಕ್ಕೂ ಬಿಡಬಾರದು. ಅಡ್ಡಕ್ಕೆ ನಿಂತಿರಬೇಕು, ಇಲ್ಲವೇ ಕೊಂಚ ಆಚೆಗೆ ಓರೆಯಾಗಿ. ಗುರಿ ಮುಂಗಾಲಿನ ಹೆಗಲಹಿಂದಿನ ಅಂಗೈಯಗಲದ ಜಾಗ. ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಲಗು ಎರಡೂ ಶ್ವಾಸಕೋಶಗಳನ್ನು ಸೀಳಿ ಹೊರಬಂದರೆ ಜಿಂಕೆ ಸಾಮಾನ್ಯವಾಗಿ 100 ಮೀಟರಿನೊಳಗೆ ಬಿದ್ದುಬಿಡುತ್ತದೆ.

ಆದರೂ ತಕ್ಷಣ ಎದ್ದು ಹಿಂದೆ ಹೋಗುವಂತಿಲ್ಲ. ಅರ್ಧ ಗಂಟೆಯಾದರೂ ಕೂತಲ್ಲೇ ಕೂರಬೇಕು. ಆಮೇಲೆ ಬಾಣವನ್ನು ಹುಡುಕಿ ಓದಬೇಕು. ನೊರೆನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ತಾಗಿದೆ. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗಕ್ಕೆ. ಹಸಿರು ಲೋಳೆ ಅಂಟಿ ಗಬ್ಬುನಾತ ಬಂದರೆ ಹೊಟ್ಟೆಗೆ ತಾಗಿದೆ, ಆಗ ಹಲವು ಗಂಟೆ ಅದರ ತಂಟೆಗೇ ಹೋಗಬಾರದು. ಬೆನ್ನಟ್ಟಿದರೆ ಅದು ಮೈಲುಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಸುಮ್ಮನೆ ಬಿಟ್ಟರೆ ಹತ್ತಿರದ ಪೊದೆಯಲ್ಲಿ ಮಲಗುತ್ತದೆ. ರಕ್ತದ ಹನಿಯಿಂದ ಹನಿಗೆ, ಟಾರ್ಚು ಹಿಡಿದು ಮಂಡಿಯೂರಿ, ಎಲೆಯೆಲೆ ನೋಡುತ್ತಾ ಜಾಡು ಹಿಡಿಯುವುದು ರಾತ್ರಿಯಿಡೀ ಸಾಗಿದರೂ ಸಾಗಬೇಕು. ಗಾಯಗೊಂಡ ಪ್ರಾಣಿ ಕೈಗೆ ಸಿಗದೆ ಹೋಗುವುದು ಬಿಲ್ಲು ಬೇಟೆಯ ನಿಜವಾದ ಕಳಂಕ. ಬ್ರಿಟನ್ನು, ಜರ್ಮನಿಗಳಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯುವಂತಿಲ್ಲ. ಆ ನಿಷೇಧವನ್ನು ಪರದೇಶದವರ ಭಾವುಕತೆ ಎಂದು ತಳ್ಳಿಹಾಕುವ ಬೇಟೆಗಾರರ ಮಾತು ನನಗೆ ಒಪ್ಪಿಗೆಯಿಲ್ಲ. 20 ಗಜದ ಗಡಿಯನ್ನು ತನಗೆ ತಾನೇ ಹಾಕಿಕೊಂಡು ಅದನ್ನು ಮೀರದವನಷ್ಟೇ ಈ ಆಯುಧ ಹಿಡಿಯಲು ಯೋಗ್ಯ.

ಬೇಟೆ ಅಮೆರಿಕದಲ್ಲಿ ಕಾನೂನಿನ ಚೌಕಟ್ಟಿನೊಳಗೆ ನಡೆಯುತ್ತದೆ. 1900ರ ಹೊತ್ತಿಗೆ ಮಾಂಸದ ವ್ಯಾಪಾರಕ್ಕಾಗಿ ಲಂಗುಲಗಾಮಿಲ್ಲದೆ ಕೊಂದು ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷ ಉಳಿದಿದ್ದವು. ಈಗ ಸುಮಾರು 3 ಕೋಟಿ. ವ್ಯಾಪಾರ ನಿಷೇಧ, ಲೈಸೆನ್ಸು, ಋತುವಿನ ಮಿತಿ ಇವೆಲ್ಲ ಸೇರಿ ಅವುಗಳನ್ನು ಉಳಿಸಿದವು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ, ತೋಟಾಗಳ ಮಾರಾಟದ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟಿತು. 1970ರ ದಶಕದಲ್ಲಿ ಬಿಲ್ಲುಬಾಣವೂ ಆ ತೆರಿಗೆಯೊಳಗೆ ಬಂತು. ತೋಳ, ಪೂಮಾ ಇಲ್ಲದಾದ ಕಡೆ ಜಿಂಕೆ ಮಿತಿಮೀರಿದರೆ ಕಾಡಿನ ಎಳೆಸಸಿಗಳೇ ಮೇಲೇಳುವುದಿಲ್ಲ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಸುತ್ತ ಮನೆಮಾಡಿರುವ ನಮ್ಮ ಕನ್ನಡಿಗರಿಗೂ ಕೈತೋಟ ಬೋಳಾಗುವುದು, ರಾತ್ರಿ ರಸ್ತೆಯಲ್ಲಿ ಕಾರಿಗೆ ಜಿಂಕೆ ಅಡ್ಡಬರುವುದು ಹೊಸತಲ್ಲ. ವಿಸ್ಕಾನ್ಸಿನ್ 1934ರಲ್ಲೇ ಬಿಲ್ಲಿಗೆಂದು ಪ್ರತ್ಯೇಕ ಋತು ತೆರೆದ ರಾಜ್ಯ. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಅಲ್ಲೇ ಪ್ರಾಧ್ಯಾಪಕನಾಗಿದ್ದವನು, ತನ್ನ ಬಿಲ್ಲನ್ನು ತಾನೇ ಕೆತ್ತಿಕೊಂಡು ಬೇಟೆಗೆ ಹೋಗುತ್ತಿದ್ದವನು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ನಿಷೇಧಿಸಿದೆ. ನಮ್ಮ ಕಾಡಿನ ಸ್ಥಿತಿಗೆ ಅದೇ ಸರಿ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯ ಬಗ್ಗೆ ವಿಸ್ತಾರವಾದ ಭಾಗವೇ ಇದೆ. ಈ ನೆಲದಲ್ಲಿ ಆ ತಿಳಿವಳಿಕೆ ಇನ್ನು ಪುಸ್ತಕದಲ್ಲಿದ್ದರೆ ಸಾಕು. ಗಾಳಿ ನೋಡಿ ಅಲುಗಾಡದೆ ಕೂರುವ ವಿದ್ಯೆ ಕ್ಯಾಮೆರಾ ಹಿಡಿದವರಿಗೂ ಅಷ್ಟೇ ಬೇಕು.

ವಿಸ್ಕಾನ್ಸಿನ್‌ನಲ್ಲಿ ಈಗ ಎರಡು ಚಿಂತೆಗಳಿವೆ. ಜಿಂಕೆಗಳ ಮಿದುಳನ್ನು ತಿನ್ನುವ ಸಿ.ಡಬ್ಲ್ಯೂ.ಡಿ. ರೋಗ 2002ರಲ್ಲಿ ಅಲ್ಲಿ ಪತ್ತೆಯಾಯಿತು. ಅದಕ್ಕೆ ಮದ್ದಿಲ್ಲ. ರೋಗ ಹಬ್ಬಿದ ಕಡೆ ಕೊಂದ ಜಿಂಕೆಯ ಮಾದರಿಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದಮೇಲೇ ಮಾಂಸ ತಿನ್ನಿ ಎಂದು ಅಧಿಕಾರಿಗಳು ಹೇಳುತ್ತಾರೆ. ಇನ್ನೊಂದು ಚಿಂತೆ ಅಡ್ಡಬಿಲ್ಲಿನದು. ಕೋವಿಯಂತೆ ಹಿಡಿಕೆ, ಕುದುರೆ ಇರುವ ಈ ಬಿಲ್ಲನ್ನು 2014ರಿಂದ ಅಲ್ಲಿ ಯಾರು ಬೇಕಾದರೂ ಬಳಸಬಹುದು. ಅದರಲ್ಲಿ ಹೆದೆಯನ್ನು ಮೊದಲೇ ಎಳೆದು ಸಿಕ್ಕಿಸಿಡುತ್ತಾರೆ. ಜಿಂಕೆ ಎದುರಿಗೆ ಬಂದಾಗ ಬೆರಳು ಮಡಿಸಿದರೆ ಮುಗಿಯಿತು. ಅಡ್ಡಬಿಲ್ಲಿನಿಂದ ಬೀಳುವ ಜಿಂಕೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸಾದಾ ಬಿಲ್ಲಿನದನ್ನು ಮೀರಿಸಿತು. ವಯಸ್ಸಾದವರಿಗೆ, ಭುಜದ ನೋವಿನವರಿಗೆ ಅದು ಬೇಕು, ಅವರಿಂದ ಅದನ್ನು ಕಿತ್ತುಕೊಳ್ಳಬಾರದು. ಗಟ್ಟಿಮುಟ್ಟಾದ ಹುಡುಗರು ಮಾತ್ರ ಮೊದಲು ಕೈಯಿಂದ ಹೆದೆ ಎಳೆಯುವ ಬಿಲ್ಲನ್ನೇ ಹಿಡಿಯಲಿ. ಬೇಸಿಗೆಯಲ್ಲಿ ಹಿತ್ತಿಲಿನಲ್ಲಿ ಗುರಿ ಕಟ್ಟಿ, ಚಳಿಗಾಲದ ದಪ್ಪ ಕೋಟು ತೊಟ್ಟು, ಕಾಡಿನಲ್ಲಿ ಕೂರುವ ಅದೇ ಸ್ಟೂಲಿನ ಮೇಲೆ ಕುಳಿತು ಅಭ್ಯಾಸ ಮಾಡಲಿ. ಬಯಲಿನಲ್ಲಿ ನೆಟ್ಟಗೆ ನಿಂತು ಕಲಿತ ಕೈ, ಮರೆಯ ಹಿಂದೆ ಮೊಣಕಾಲು ಮಡಿಸಿ ಕುಳಿತಾಗ ಕೋಟಿಗೆ ಸಿಕ್ಕಿ ಅರ್ಧಕ್ಕೇ ನಿಂತುಬಿಡುತ್ತದೆ.