ಮಗಳ ಮನೆಯಲ್ಲಿ ನಾಲ್ಕು ದಿನ

ದುಮ್ಮವಾಡಕ್ಕೆ ಧಾರವಾಡವು ದೂರವಲ್ಲ. ಆದರೂ ಅಲ್ಲಿರುವ ಮಗಳ ಮನೆಯಲ್ಲಿ ನಾಲ್ಕು ದಿನ ನಿಲ್ಲುವ ಯೋಗವು ನನಗೆ ನಿವೃತ್ತಿಯ ತರುವಾಯವೇ ಒದಗಿತು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನೂ, 1973ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಬೇಂದ್ರೆಯವರು ವಾಸಿಸಿದ್ದ ಸಾಧನಕೇರಿಯನ್ನೂ ಎರಡು ದಿನಗಳಲ್ಲಿ ನೋಡಿ ಬಂದೆನು.

ಮೂರನೆಯ ದಿನ ಮತ್ತೆ ಕೊಡೆಯನ್ನು ಕೈಗೆತ್ತಿಕೊಳ್ಳಲು ಮಗಳು, "ಅಪ್ಪಾ, ಊರು ನೋಡಲಿಕ್ಕೆ ಬಂದೀರೋ, ನನ್ನನ್ನ ನೋಡಲಿಕ್ಕೆ ಬಂದೀರೋ?" ಎಂದಳು. ನಾನು ಲಜ್ಜಿತನಾದೆನು. ಊರ ಮಕ್ಕಳಿಗೆಲ್ಲ ಪಾಠ ಹೇಳುವ ಗಡಿಬಿಡಿಯಲ್ಲಿ ಇವಳ ಬಾಲ್ಯವನ್ನು ನಾನು ಸರಿಯಾಗಿ ಕಂಡಿರಲಿಲ್ಲ. ಕೊಡೆಯನ್ನು ಮೂಲೆಗಿಟ್ಟು, ಪೇಡೆಯನ್ನು ಸವಿಯುತ್ತ, ದೀಪ ಹಚ್ಚುವವರೆಗೂ ಅವಳೊಡನೆ ಮಾತಾಡುತ್ತ ಕುಳಿತೆನು. ಎರಡು ದಿನದ ತಿರುಗಾಟವು ಕೊಡದ ವಿಶ್ರಾಂತಿಯು ಅಂದು ದೊರೆಯಿತು.

ವಾಚಕರೇ, ತಿಥಿಯನ್ನು ನೋಡದೆ ಬರುವವನು ಅತಿಥಿ; ಮಕ್ಕಳ ಮನೆಗೆ ಬಂದ ತಂದೆಯು ಗಡಿಯಾರವನ್ನೂ ನೋಡದೆ ಕುಳಿತಿರಬೇಕು.